ಡಬ್ಬಿಯಲ್ಲಿ ಉಳಿದ ತುತ್ತು

"ಮಗುವಿನ ಬಾಯಿಗೆ ಹೋಗೋದು ಇನ್ನೇನಾದ್ರೂ ಇದೆಯಾ? ನಿಧಾನವಾಗಿ ಯೋಚನೆ ಮಾಡಿ," ಎಂದು ಡಾಕ್ಟರು ಮೂರನೆಯ ಸಲ ಕೇಳಿದರು.

ತಾಯಿ ತನಗೆ ತೋಚಿದ್ದನ್ನೆಲ್ಲ ಹೇಳಿಯಾಗಿತ್ತು. ಮನೆಯ ಗೋಡೆಗೆ ಬರೀ ಸುಣ್ಣ, ಪಾತ್ರೆಗಳೆಲ್ಲ ಸ್ಟೀಲು. ಗಂಡನ ಕೆಲಸ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ, ನಿಜ. ಆದರೆ ಅವನ ಬಟ್ಟೆಗೆ ಬೇರೆಯೇ ಬಕೆಟ್ಟು. ಹಿಂದಿನ ಬಾಗಿಲಿಂದ ಬಂದು ತಲೆಗೆ ನೀರು ಹಾಕಿಕೊಂಡ ಮೇಲೆಯೇ ಅವನು ಮಗಳನ್ನು ಎತ್ತಿಕೊಳ್ಳುವುದು. ಇದನ್ನು ಹೇಳುವಾಗ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಅವಳ ದನಿ ಗಟ್ಟಿಯಾಗಿತ್ತು. ಇಷ್ಟೆಲ್ಲ ಮಾಡಿಯೂ ಎರಡೂವರೆ ವರ್ಷದ ಮಗುವಿನ ರಕ್ತದೊಳಗೆ ಸೀಸ ಎಲ್ಲಿಂದ ಬಂತು? ಕಳೆದ ತಿಂಗಳು 'ಹೂವು' 'ಬಿಸಿ' ಎನ್ನುತ್ತಿದ್ದವಳು ಈಗ ಬರೀ ಬೆರಳು ತೋರಿಸುತ್ತಾಳೆ.

ಪಕ್ಕದ ಕೋಣೆಯಲ್ಲಿ ನರ್ಸಮ್ಮ ಊಟಕ್ಕೆ ಕೂತಿದ್ದರು. ಬೆಳಿಗ್ಗೆ ರಕ್ತ ತೆಗೆಯುವ ಮೊದಲು ಮಗುವಿನ ತಣ್ಣನೆಯ ಅಂಗೈಯನ್ನು ತಮ್ಮೆರಡು ಕೈಗಳ ನಡುವೆ ಇಟ್ಟು ಬೆಚ್ಚಗೆ ಮಾಡಿದವರು ಅವರೇ. ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿದ್ದೇ, ಮಗು ತಾಯಿಯ ಪಕ್ಕ ಕೂತಿದ್ದ ಅವಳ ಅತ್ತೆಯ ಮಡಿಲಿಂದ ಜಾರಿ ಓಡಿ, ಅವರ ಮೊಣಕಾಲಿಗೆ ಒರಗಿ ಬಾಯಿ ತೆರೆದು ನಿಂತಿತು. ನರ್ಸಮ್ಮ ನಕ್ಕು, ಇದನ್ನೆಲ್ಲ ಯಾರು ಕಲಿಸಿದ್ದು ಎಂದರು.

ಅತ್ತೆಗೂ ಬೆಳಗಿನಿಂದ ಮೊದಲ ಬಾರಿಗೆ ನಗು ಬಂತು. "ಇವರಪ್ಪ. ದಿನಾ ಡಬ್ಬಿಲಿ ಒಂದು ತುತ್ತು ಇವಳಿಗೆ ಅಂತ ಉಳಿಸ್ಕೊಂಡು ಬರ್ತಾನೆ. ಈ ಮಹಾರಾಣಿಗೆ ಕಪ್ಪ ಸಲ್ಲಿಸದೆ ಅವನಿಗೆ ಕೂರೋ ಹಾಗಿಲ್ಲ."

ಡಾಕ್ಟರ ಪೆನ್ನು ನಿಂತಿತು. ಅವನು ಎಲ್ಲಿ ಕೂತು ಉಣ್ಣುತ್ತಾನೆ ಎಂದು ಕೇಳಿದರು. ಶೆಡ್ಡಿನಲ್ಲೇ, ಕುಲುಮೆಯ ಪಕ್ಕದ ಬೆಂಚಿನ ಮೇಲೆ, ಎಂದಳು ತಾಯಿ. ಉಂಡ ಮೇಲೆ ಡಬ್ಬಿ ಸಂಜೆಯವರೆಗೂ ಅಲ್ಲೇ ಇರುತ್ತದೆ. ಹೇಳುತ್ತ ಹೇಳುತ್ತ ಅವಳ ಮಾತು ಸಣ್ಣದಾಗುತ್ತ ಹೋಯಿತು.

"ಆಗಿರೋ ಹಾನಿ ಎಷ್ಟು ಅಂತ ಈಗ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು. "ಸೀಸ ಒಳಗೆ ಹೋಗೋದನ್ನ ಮಾತ್ರ ಇವತ್ತೇ ನಿಲ್ಲಿಸ್ಬೇಕು." ಗಂಡ ಶೆಡ್ಡಿನಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿ ಬರಬೇಕು, ಮನೆಯ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲೇ ಒರೆಸಬೇಕು, ತಿಂಗಳಿಗೆ ಮತ್ತೆ ರಕ್ತ ನೋಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರು.

ಬಸ್ಸಿನಲ್ಲಿ ಮಗು ತಾಯಿಯ ಭುಜದ ಮೇಲೆ ನಿದ್ದೆ ಹೋಯಿತು. ಅತ್ತೆ ಸೊಸೆಯ ಕಡೆ ನೋಡದೆ ಹೇಳಿದರು, "ತುತ್ತಿನ ವಿಷಯ ಅವನಿಗೆ ಹೇಳ್ಬೇಡ. ಬಟ್ಟೆಯಿಂದ ಅಂತ ಹೇಳು. ನಾನೇ ಸರಿಯಾಗಿ ಒಗೀಲಿಲ್ಲ ಅಂತೀನಿ, ನನ್ನ ಮೇಲೆ ಹಾಕು."

ಸೊಸೆ ಅವರ ಕೈಯನ್ನು ಹಿಡಿದುಕೊಂಡಳು. ಇಳಿಯುವವರೆಗೂ ಮಗು ಉಸಿರಾಡುತ್ತಿದೆಯೇ ಎಂದು ನೋಡಿಕೊಳ್ಳುತ್ತಲೇ ಇದ್ದಳು.

ಬೆಳಕಿರುವಾಗಲೇ ಗಂಡ ಬಂದ. ಎಂದಿನ ಹಾಗೆ ಹಿಂದಿನ ಬಾಗಿಲಲ್ಲಿ ನಿಂತು ಡಬ್ಬಿ ಚಾಚಿದ. ಅವಳು ಕೈ ನೀಡಲಿಲ್ಲ. ಅತ್ತೆ ಹೇಳಿಕೊಟ್ಟ ಸುಳ್ಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು. ಅವನ ಹುಬ್ಬಿನ ಮೇಲಿನ ಬೂದುಬಣ್ಣದ ಪುಡಿಯನ್ನು ನೋಡಿ ಅದನ್ನು ನುಂಗಿಕೊಂಡಳು.

"ಮಗು ರಕ್ತದಲ್ಲಿ ಸೀಸ ಇದೆಯಂತೆ. ಇದರಿಂದಲೇ," ಎಂದಳು. "ನೀವು ಉಳಿಸ್ಕೊಂಡು ಬರೋದ್ರಿಂದ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವನು ಅಳಬಹುದು, ಡಬ್ಬಿ ಎಸೆಯಬಹುದು ಎಂದು ಅವಳು ಹೆದರಿದ್ದಳು. ಅವನು ಎರಡೂ ಮಾಡಲಿಲ್ಲ. ಡಬ್ಬಿಯನ್ನು ಕಲ್ಲಿನ ಮೇಲೆ ಮೆಲ್ಲಗೆ ಇಟ್ಟು, ಮಗಳು ಎಲ್ಲಿ ಎಂದು ಕೇಳಿದ. ಮಲಗಿದ್ದಾಳೆ ಎಂದಳು. ಅವನು ಒಳಗೆ ಕಾಲಿಡಲಿಲ್ಲ.

"ಶೆಡ್ಡಲ್ಲಿ ಕುಲುಮೆ ನೋಡೋ ಅಣ್ಣನೂ ಈಗ ಮಕ್ಕಳಿಗೆ ಅಂತ ತುತ್ತು ಉಳಿಸ್ಕೊಂಡು ಹೋಗ್ತಾನೆ," ಎಂದ. "ಬ್ಯಾಟರಿ ತರೋ ಗಾಡಿಯವನೂ. ಅವನ ಮಗುಗೆ ಇನ್ನೂ ವರ್ಷ ತುಂಬಿಲ್ಲ. ನನ್ನ ನೋಡಿ ಕಲಿತದ್ದು ಅವರು."

ಅವಳು ಏನಾದರೂ ಹೇಳುವ ಮೊದಲೇ ತಿರುಗಿ ನಡೆದ. ಅತ್ತೆಯೂ ಬಾಗಿಲಿಗೆ ಬಂದು ನಿಂತರು. ಶೆಡ್ಡಿನವರ ಮನೆಗಳಲ್ಲೆಲ್ಲ ಅದು ಡಬ್ಬಿ ತೆರೆಯುವ ಹೊತ್ತು. ಅವನ ನಡಿಗೆ ಬಿರುಸಾಯಿತು, ಆಮೇಲೆ ಓಟವಾಯಿತು. ಓಣಿಯ ಎರಡೂ ಬದಿಗೆ ಮಕ್ಕಳು ಆಡುತ್ತಿದ್ದವು. ಯಾರಿಗೂ ತಾಗದ ಹಾಗೆ ಕೈಗಳನ್ನು ಎದೆಗೆ ಒತ್ತಿ ಹಿಡಿದು, ಅವನು ನಟ್ಟನಡುವೆ ಓಡುತ್ತಿದ್ದ.