ಹಿತ್ತಾಳೆ ಮುಚ್ಚಳ

"ಒಸಿ ದೂರ ನಿಂತ್ಕಳಿ ಗೌಡ್ರೇ. ಮುಖ ಇತ್ತ ತರಬ್ಯಾಡಿ," ಎಂದು ಯಂತ್ರ ರಿಪೇರಿಗೆ ಬಂದಿದ್ದ ಪ್ರಕಾಶ್ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡ.

ಬೈರಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಹಾವು ಹಿಡಿಯೋನಂಗೆ ಆಡ್ತೀಯಲ್ಲಪ್ಪ. ಗ್ಯಾಸ್ ತುಂಬಕ್ಕೆ ಇಷ್ಟೊಂದು ವೇಷಾನಾ?"

"ಒಳಗಿನ ಗ್ಯಾಸು ಕೈಗೆ ಹಾರಿದ್ರೆ ಚರ್ಮ ಹೆಪ್ಪುಗಟ್ಟೋಯ್ತದೆ. ಅದ್ಕಿಂತ ಹಾವೇ ವಾಸಿ."

ಹೊಂಗನೂರಿನ ಆ ಚಾಕಿ ಮನೆಯಲ್ಲಿ ಮೊಟ್ಟೆಯಿಂದ ಆಗಷ್ಟೇ ಹೊರಬಂದ ರೇಷ್ಮೆಹುಳುಗಳನ್ನು ಸಾಕಿ, ಎರಡನೇ ಸಲ ಪೊರೆ ಬಿಟ್ಟು, ಅಂದರೆ ಎರಡನೇ ಜ್ವರ ದಾಟಿದ ಮೇಲೆ ಸುತ್ತಲಿನ ರೈತರಿಗೆ ಕೊಡುತ್ತಿದ್ದರು. ಎಳೆಯ ಹುಳುಗಳಿಗೆ ಶೆಕೆ ಬೇಕು. ಹೊರಗಿನ ಗಾಳಿಯ ಕಾವನ್ನೇ ಹೀರಿ ಒಳಗೆ ತಳ್ಳುವ ಯಂತ್ರವನ್ನು ಹಿಂದಿನ ಗೋಡೆಗೆ ಜೋಡಿಸಿದ್ದವನು ಬೈರಪ್ಪನ ಮಗ ಚೈತನ್ಯ. ಬಿಡದಿಯ ಕಾರ್ಖಾನೆಯೊಂದರಲ್ಲಿ ಅವನಿಗೆ ಇದೇ ಕೆಲಸ. ಭಾದ್ರಪದದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಈಗ ಪುಷ್ಯದ ಚಳಿ. ನಿನ್ನೆ ಸಂಜೆಯಿಂದ ಯಂತ್ರ ಸದ್ದು ಮಾಡುತ್ತಿತ್ತೇ ಹೊರತು ಬಿಸಿ ಕೊಡುತ್ತಿರಲಿಲ್ಲ. ಬೈರಪ್ಪನ ಹೆಂಡತಿ ಶಿವಲಿಂಗಮ್ಮ ಒಳಗೆ ಕೆಂಡದ ಒಲೆ ಇಟ್ಟಿದ್ದಳು. ಹೊಗೆಗೆ ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಸುಮ್ಮನಿದ್ದವು. ಇವತ್ತು ಕಾವು ಸಿಗದಿದ್ದರೆ ಆ ಮನೆಯ ಹುಳುವಷ್ಟೂ ಹೋದಂತೆಯೇ.

ಪ್ರಕಾಶ್ ಪೈಪಿನ ಬುಡಕ್ಕೆ ಸೋಪಿನ ನೊರೆ ಹಚ್ಚಿದ. ಒತ್ತಡ ಅಳೆಯುವ ಗೇಜು ಸಿಕ್ಕಿಸುವ ಮೂತಿಯ ಮೇಲೆ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆದವು.

"ಇಲ್ಲಿ ಸೋರ್ತಾ ಐತೆ. ಇದರ ಮುಚ್ಚಳ ಎಲ್ಲಿ?"

"ಕೋತಿ ಕಿತ್ಕೊಂಡ್ ಹೋಗಿರ್ಬೇಕು," ಎಂದ ಬೈರಪ್ಪ.

"ತಿರುಪು ಬಿಚ್ಚೋ ಕೋತೀನಾ ಗೌಡ್ರೇ? ಸಿಕ್ಕಿದ್ರೆ ಹೇಳಿ, ನನ್ ಜೊತೆ ಕೆಲಸಕ್ಕೆ ಇಟ್ಕತೀನಿ."

ಬಾಗಿಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದ ಶಿವಲಿಂಗಮ್ಮನ ಕೈ ನಿಂತಿತು. "ಅದು ಇಲ್ದಿದ್ರೆ ಏನಾಯ್ತದಪ್ಪ?"

"ಒಳಗೆ ಸೂಜಿಯಂಥದೊಂದು ವಾಲ್ವ್ ಇರ್ತದಮ್ಮ. ಅದನ್ನೊಂದೇ ನಂಬಕ್ಕಾಗಲ್ಲ. ಧೂಳು ಕೂತ್ರೆ ಸೋರ್ತದೆ. ಗ್ಯಾಸ್ ಹೊರಗೆ ಹೋಗ್ದಂಗೆ ತಡೆಯೋದು ಮುಚ್ಚಳವೇ."

"ಅಂಗಾದ್ರೆ ಅದನ್ನ ತೆಗೆದೋರಿಂದ್ಲೇ ಹುಳ ಸಾಯೋದು."

ಪ್ರಕಾಶ್ ತಲೆಯೆತ್ತಿ ಅವಳನ್ನು ನೋಡಿದ. "ಯಾಕೆ ಸಾಯ್ತಾವೆ ಬುಡಿ. ಹೊತ್ತು ಮುಳುಗೋದ್ರೊಳಗೆ ಸರಿಯಾಯ್ತದೆ."

ಅವನು ಕರೆಂಟು ತೆಗೆಸಿ, ಒಳಗಿನ ಒತ್ತಡ ಸಮವಾಗಲೆಂದು ಕಾದ. ಆಮೇಲೆ ಗೇಜಿನ ಕೆಂಪು ಪೈಪನ್ನು ಮೂತಿಗೆ ಸಿಕ್ಕಿಸಿದ.

"ನಮ್ಮ ಹುಡುಗ ನೀಲಿದು ಹಾಕ್ತಿದ್ದ," ಎಂದ ಬೈರಪ್ಪ.

"ಬೇಸಿಗೇಲಿ ಹಾಕಿರ್ತಾನೆ. ತಣ್ಣಗೆ ಮಾಡುವಾಗ ನೀಲಿ ಸರಿ. ಬಿಸಿ ಕೊಡುವಾಗ ಇದೇ ಪೈಪಲ್ಲಿ ಒತ್ತಡ ಏರ್ತದೆ, ನೀಲಿ ಗೇಜು ತಡೆಯಲ್ಲ. ಅವ್ನಿಗೆ ಗೊತ್ತಿಲ್ದೆ ಇರ್ತದಾ?"

ಬೈರಪ್ಪ ಬೇರೆ ಕಡೆ ನೋಡಿದ. "ಹೂಂ. ಗೊತ್ತಿತ್ತು. ಈಗ ಮೇಲೊಂದಷ್ಟು ಗ್ಯಾಸ್ ತುಂಬಿ ಬುಡಪ್ಪ, ಹುಳ ಕಾಯಲ್ಲ."

"ತೂತ ಇಟ್ಕೊಂಡು ತುಂಬಿದ್ರೆ ವಾರಕ್ಕೆ ಮತ್ತೆ ಕರೀತೀರಿ."

ಉಳಿದ ಗ್ಯಾಸನ್ನು ಅವನು ಖಾಲಿ ಸಿಲಿಂಡರಿಗೆ ಎಳೆದುಕೊಂಡ. ಒಳಗಿನ ಸೂಜಿ ಬದಲಿಸಿದ. ಪಂಪು ಹಚ್ಚಿ ಪೈಪಿನೊಳಗಿನ ಗಾಳಿಯನ್ನೆಲ್ಲ ತೆಗೆದು, ಹೊಸ ಗ್ಯಾಸನ್ನು ತೂಗಿ ಬಿಟ್ಟ. ಅಷ್ಟು ಹೊತ್ತೂ ಶಿವಲಿಂಗಮ್ಮ ಒಳಗೆ ಹೋಗಿ ಹುಳು ನೋಡುವುದು, ಬರುವುದು, ಮತ್ತೆ ಹೋಗುವುದು ಮಾಡಿದಳು. ಕೊನೆಗೆ ಪ್ರಕಾಶ್ ಪೆಟ್ಟಿಗೆಯನ್ನೆಲ್ಲ ಕೆದಕಿದ.

"ಈ ಅಳತೇದು ಹಿತ್ತಾಳೆ ಮುಚ್ಚಳ ಇಲ್ಲ. ಪ್ಲಾಸ್ಟಿಕ್ಕಿಂದು ಈ ಬಿಸಿ ತಡೆಯಲ್ಲ. ಬೆಂಗಳೂರಿಂದ ತರಿಸ್ಬೇಕು. ಅಲ್ಲೀವರ್ಗೂ ಓಡ್ಸಿ, ಆದ್ರೆ ನಾನು ಭರವಸೆ ಹೇಳಕ್ಕಾಗಲ್ಲ."

ಶಿವಲಿಂಗಮ್ಮ ಎದ್ದು ವಾಸದ ಮನೆಯೊಳಗೆ ಹೋದಳು.

ದೇವರ ಗೂಡಿನಲ್ಲಿ ಮಾದಪ್ಪನ ಪಟದ ಪಕ್ಕ ಮಗನ ಪಟ. ಅದರ ಮುಂದಿನ ತಟ್ಟೆಯಲ್ಲಿ ಹೆಬ್ಬೆರಳ ತುದಿಯಷ್ಟು ದೊಡ್ಡ ಹಿತ್ತಾಳೆ ಮುಚ್ಚಳ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಸಂಜೆ ಅವಳೇ ಹಿತ್ತಲಿಗೆ ಹೋಗಿ ಅದನ್ನು ಬಿಚ್ಚಿ ತಂದಿದ್ದಳು. ಆಸ್ಪತ್ರೆ ಸೇರುವ ಮೊದಲು ಮಗ ಕೊನೆಯದಾಗಿ ಬೆರಳಿಟ್ಟು ಬಿಗಿಮಾಡಿದ್ದು ಅದೇ. ದಿನವೂ ಹುಣಿಸೆಹಣ್ಣು ಹಾಕಿ ಬೆಳಗಿ ಕುಂಕುಮ ಇಡುತ್ತಿದ್ದಳು. ಈಗ ಅದರ ಮುಂದೆ ಕೈಮುಗಿದು ನಿಂತಳು. ಎತ್ತಿಕೊಂಡು ಹೊರಗೆ ಬಂದಳು.

ಅವಳ ಅಂಗೈಯನ್ನು ಕಂಡು ಬೈರಪ್ಪ ಏನೋ ಹೇಳಹೋಗಿ, ಹೆಗಲ ಟವಲಿನಿಂದ ಬಾಯಿ ಒರೆಸಿಕೊಂಡ.

ಪ್ರಕಾಶ್ ಕುಂಕುಮವನ್ನು ನೋಡಿದ. "ಒರೆಸ್ಲಾ ಅಮ್ಮ?"

"ನಾನೇ ಒರೆಸ್ತೀನಿ." ಸೆರಗಿನ ತುದಿಯನ್ನು ಹುರಿಮಾಡಿ ಮುಚ್ಚಳದೊಳಗಿನ ತಿರುಪಿನ ಸುತ್ತು ಸುತ್ತಿನಲ್ಲೂ ಆಡಿಸಿದಳು. "ಒಸಿನೂ ಉಳೀಬಾರ್ದಲ್ವಾ?"

"ಉಳೀಬಾರ್ದು."

ಅವನು ಪೈಪನ್ನು ಬಿಡಿಸಿ, ಮುಚ್ಚಳ ಇಸಿದುಕೊಂಡು ಅದರೊಳಗಿನ ರಬ್ಬರ್ ಬಳೆ ಸರಿಯಾಗಿದೆಯೇ ನೋಡಿ, ಅವಳಿಗೇ ವಾಪಸು ಕೊಟ್ಟ. ಅವಳು ಯಂತ್ರದ ಮುಂದೆ ಕೂತು ಅದನ್ನು ಮೂತಿಗೆ ಇಟ್ಟು ತಿರುಗಿಸಿದಳು. ಮೊದಲ ಸಲ ತಿರುಪು ಕಚ್ಚಲಿಲ್ಲ, ಎರಡನೆಯ ಸಲ ಕಚ್ಚಿತು. ಪ್ರಕಾಶ್ ನೊರೆ ಹಚ್ಚಿ ನೋಡಿದ. ಗುಳ್ಳೆ ಏಳಲಿಲ್ಲ.

ಯಂತ್ರ ಹೊರಟಿತು. ಗಂಡಸರಿಬ್ಬರೂ ಕಾವು ನೋಡಲು ಕಾಲು ತೊಳೆದು ಒಳಗೆ ಹೋದರು. "ಏರ್ತಾ ಐತೆ ಕಣೇ," ಎಂದು ಬೈರಪ್ಪ ಅಲ್ಲಿಂದಲೇ ಕೂಗಿದ.

ಶಿವಲಿಂಗಮ್ಮ ಏಳಲಿಲ್ಲ. ಮುಚ್ಚಳದ ಮೇಲೆ ಎರಡು ಬೆರಳು ಇಟ್ಟುಕೊಂಡು ಕೂತಿದ್ದಳು. ತಣ್ಣಗಿದ್ದ ಹಿತ್ತಾಳೆ ನಿಧಾನವಾಗಿ ಬೆಚ್ಚಗಾಗುತ್ತಿತ್ತು.

"ಅಮ್ಮಾ, ಆ ಪೈಪು ಮುಟ್ಟಬ್ಯಾಡಿ, ಸುಡ್ತದೆ," ಎಂದ ಪ್ರಕಾಶ್ ಕಿಟಕಿಯಿಂದ.

"ಇನ್ನೂ ಸುಡ್ತಿಲ್ಲ ಕಣಪ್ಪ," ಎಂದಳು ಅವಳು.