ಒಮ್ಮೆ ಬಳಸಿ ಎಸೆಯಬೇಕಾದ ಹಾಳೆ

ಭಾವನಿಗೆ ತಮ್ಮ ಫೋನು, ಹೆಂಡತಿಯ ಫೋನು ಎಂಬ ಭೇದವಿರಲಿಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಯಾವ ಫೋನು ಸದ್ದು ಮಾಡಿದರೂ ಅವರೇ ಎತ್ತಿಕೊಂಡು, ಬಂದ ಸಂದೇಶವನ್ನು ಮನೆಗೆಲ್ಲ ಕೇಳುವಂತೆ ಓದುತ್ತಿದ್ದರು. ಕೆಟ್ಟವರಲ್ಲ. "ನಮ್ಮಲ್ಲಿ ಮುಚ್ಚುಮರೆ ಏನಿದೆ?" ಎನ್ನುವುದು ಅವರ ಹೆಮ್ಮೆ. ಅಕ್ಕ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲೇ ಕೂತು, ಅವಳ ವಾಕ್ಯದ ಉಳಿದರ್ಧವನ್ನು ತಾವೇ ಆಡಿ ಮುಗಿಸುತ್ತಿದ್ದರು.

ಬೇರೆ ಊರಿನಲ್ಲಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ತಂಗಿಗೆ ಒಂದು ದಿನ ಅಕ್ಕ ದನಿ ತಗ್ಗಿಸಿ ಹೇಳಿದಳು: "ಒಂದು ಮಾತು ಹೇಳೋದಿದೆ ಕಣೇ. ಮೊದಲು ನಿಂಗೆ. ಆಮೇಲೆ ಇವರಿಗೆ ನಾನೇ ಹೇಳ್ತೀನಿ."

"ಏನಂತೆ ಅದು, ನಂಗೆ ಆಮೇಲೆ ಹೇಳೋ ಮಾತು?" ಆಚೆಯಿಂದ ಭಾವನ ದನಿ.

"ಏನಿಲ್ಲ ರೀ, ಕಿಟಕಿ ಪರದೆ ವಿಷಯ."

ಪರದೆಯ ವಿಷಯಕ್ಕೆ ಯಾರೂ ಹಾಗೆ ಉಸಿರು ಹಿಡಿಯುವುದಿಲ್ಲ. ಅದೇನೇ ಇರಲಿ, ಅಕ್ಕನ ಮಾತು ಮೊದಲು ಅಕ್ಕನ ಬಾಯಿಂದಲೇ ಬರಬೇಕು, ಭಾವ ಓದಿ ಹೇಳಿದ್ದಾಗಬಾರದು ಎಂದು ತಂಗಿ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

ಚಿಕ್ಕವರಿದ್ದಾಗ ಇಬ್ಬರದೂ ಒಂದು ಗುಟ್ಟಿನ ಬರಹವಿತ್ತು. ಪ್ರತಿ ಅಕ್ಷರದ ಬದಲು ವರ್ಣಮಾಲೆಯಲ್ಲಿ ಮೂರು ಮನೆ ಮುಂದಿನ ಅಕ್ಷರ. ತಂಗಿ ಅದರಲ್ಲೇ ಒಂದು ಸಾಲು ಕಳಿಸಿದಳು. ಮರುದಿನ ಬೆಳಿಗ್ಗೆ ಭಾವನೇ ಫೋನು ಮಾಡಿದರು.

"ಏನಮ್ಮಾ, ಮೂರು ಮನೆ ಮುಂದೆ ತಾನೇ? ಹಲ್ಲುಜ್ಜೋದ್ರೊಳಗೆ ಬಿಡಿಸಿದೆ. ಇನ್ನೂ ಗಟ್ಟಿಯಾದ್ದು ಕಳಿಸು!"

ಪತ್ರಿಕೆಯ ಪದಬಂಧವನ್ನು ಕಾಫಿ ಆರುವ ಮೊದಲೇ ಮುಗಿಸುವ ಮನುಷ್ಯ. ಅವರಿಗೆ ಇದು ಅಕ್ಕತಂಗಿಯರು ತಮಗಾಗಿಯೇ ಹೂಡಿದ ಆಟ.

ವಾಚನಾಲಯದ ಮೇಲಿನ ಕೋಣೆಯಲ್ಲಿ ಗೂಢಲಿಪಿಯ ಸಂಜೆ ತರಗತಿ ನಡೆಯುತ್ತಿತ್ತು. ತಂಗಿ ಹೋಗಿ ಸೇರಿದಳು. ಕಲಿಸುವವಳು ಕನ್ನಡಕದ ಚಿಕ್ಕ ಹುಡುಗಿ. ಅಕ್ಷರ ಜರುಗಿಸುವ ಹಳೆಯ ವಿದ್ಯೆಯಿಂದ ಶುರು ಮಾಡಿದಳು. ಯಾವ ಅಕ್ಷರ ಹೆಚ್ಚು ಸಲ ಬರುತ್ತದೆಂದು ಎಣಿಸಿಯೇ ಅದನ್ನು ಒಡೆಯಬಹುದು ಎಂದು ತೋರಿಸಿದಳು. ಆಮೇಲೆ ಒಂದು ಗುಟ್ಟಿನ ಪದವನ್ನು ಇಟ್ಟುಕೊಂಡು, ಒಂದೊಂದು ಅಕ್ಷರವನ್ನು ಒಂದೊಂದು ಅಳತೆಗೆ ಜರುಗಿಸುವ ವಿದ್ಯೆ. ತಂಗಿ ಅದನ್ನೂ ಪ್ರಯತ್ನಿಸಿದಳು. ಗುಟ್ಟಿನ ಪದ ಅಮ್ಮನ ಹೆಸರಾಗಿತ್ತು. ಭಾವ ಮೊದಲು ಊಹಿಸಿದ್ದೇ ಅದನ್ನು.

ಕೊನೆಗೆ ಬಂದದ್ದು ಈ ಕಾಲದ ವಿದ್ಯೆ. "ತೆರೆದ ಬೀಗಗಳನ್ನ ಊರಿಗೆಲ್ಲ ಹಂಚಿಬಿಡಿ. ಅದನ್ನ ಒತ್ತಿ ಮುಚ್ಚೋಕೆ ಯಾರಿಗಾದ್ರೂ ಬರುತ್ತೆ. ತೆಗೆಯೋ ಕೀಲಿ ಮಾತ್ರ ನಿಮ್ಮ ಹತ್ರ. ನಿಮ್ಮ ಫೋನಿನ ಸಂದೇಶಗಳು ಹೀಗೇ ಹೋಗೋದು. ದಾರೀಲಿ ಯಾರ ಕೈಗೆ ಸಿಕ್ಕಿದ್ರೂ ಓದೋಕಾಗಲ್ಲ."

"ಮನೇಲಿ ಸಿಕ್ಕಿದ್ರೆ?" ಎಂದಳು ತಂಗಿ.

ತರಗತಿಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ. "ಫೋನಿಗೇ ಬೀಗ ಹಾಕ್ಬಹುದಲ್ಲ ಮೇಡಂ?"

"ಬೀಗ ಹಾಕಿದ್ರೆ, ಯಾಕೆ ಹಾಕ್ದೆ ಅನ್ನೋದೇ ಜಗಳ ಆಗುತ್ತೆ."

ಹುಡುಗಿ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ನಿಮಗೆ ಹೊಸದಲ್ಲ, ಹಳೇದೇ ಬೇಕು."

ಅವಳು ಹೇಳಿಕೊಟ್ಟದ್ದು ಇಷ್ಟು: ಕಾಗುಣಿತ ಬಿಡಿಸಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡು. ಒಂದು ಹಾಳೆಯ ತುಂಬ ಗೊತ್ತುಗುರಿಯಿಲ್ಲದ ಸಂಖ್ಯೆಗಳನ್ನು ಬರೆದು, ಅದರದೇ ನಕಲು ಇನ್ನೊಬ್ಬರಿಗೂ ಕೊಡು. ಒಬ್ಬರು ಅಕ್ಷರದ ಸಂಖ್ಯೆಗೆ ಹಾಳೆಯ ಸಂಖ್ಯೆ ಕೂಡಿ ಕಳಿಸಬೇಕು, ಇನ್ನೊಬ್ಬರು ಕಳೆದು ಓದಬೇಕು. ಲೋಕದ ಯಾವ ಯಂತ್ರಕ್ಕೂ ಅದನ್ನು ಒಡೆಯಲಾಗದು. "ಆದ್ರೆ ಒಂದು ಹಾಳೆ ಒಂದೇ ಸಲ. ಆಮೇಲೆ ಹರಿದು ಎಸೀಬೇಕು."

ಮನಸ್ಸಿಗೆ ಬಂದ ಸಂಖ್ಯೆ ಬರೆಯಬಾರದು, ಮನಸ್ಸಿಗೆ ಚಾಳಿಗಳಿರುತ್ತವೆ ಎಂದೂ ಅವಳು ಹೇಳಿದ್ದಳು. ತಂಗಿ ಖಾಲಿ ಮಾತ್ರೆಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ಕುಲುಕಿ, ಒಂದೊಂದೇ ಎತ್ತಿ ಬರೆದಳು. ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ, ಭಾವ ಅಡುಗೆಮನೆಯ ಬಾಗಿಲಿಗೆ ಕುರ್ಚಿ ತರುವಷ್ಟರಲ್ಲಿ, ಹಾಳೆಗಳನ್ನು ಅಕ್ಕನ ಕೈಗೆ ತುರುಕಿ ನಿಯಮ ಹೇಳಿಕೊಟ್ಟಳು. ಆ ಗಳಿಗೆಯಲ್ಲಿ ಕೀಲಿ ಕೊಡಬಹುದಿತ್ತು. ಬದುಕಿನ ಮಾತು ಆಡುವಂತಿರಲಿಲ್ಲ.

ಮೊದಲ ಸಂದೇಶ ಬಂತು. ತಂಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೊದಲನೆಯ ಹಾಳೆಯ ಸಂಖ್ಯೆಗಳನ್ನು ಕಳೆದು ಓದಿದಳು. "ಊಟ ಆಯ್ತಾ. ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಕೆಲಸ ಕೊಡುತ್ತೇವೆ ಅಂತಿದ್ದಾರೆ. ಅಲ್ಲೇ ಕೋಣೆ. ಶನಿವಾರ ಭಾನುವಾರ ಮಾತ್ರ ಮನೆ." ತಂಗಿ ಅದನ್ನು ಮತ್ತೊಮ್ಮೆ ಓದಿದಳು. ಮೊದಲು ಖುಷಿಯಾಯಿತು. ಹಿಂದೆಯೇ ಭಯವೂ ಆಯಿತು.

ಎರಡನೆಯ ಸಂದೇಶಕ್ಕೆ ಎರಡನೆಯ ಹಾಳೆ ಹಿಡಿದರೆ ಬರೀ ಕಲಸುಮೇಲೋಗರ. ಸುಮ್ಮನೆ ಮೊದಲನೆಯ ಹಾಳೆ ಹಿಡಿದು ನೋಡಿದಳು. ಅಕ್ಷರಗಳು ಸಾಲಾಗಿ ಬಂದು ನಿಂತವು: "ಊಟ ಆಯ್ತಾ. ನಾಳೆಯೊಳಗೆ ಹೇಳಬೇಕಂತೆ. ಇವರಿಗೆ ಹೇಳಿಲ್ಲ. ಒಪ್ಪಿಕೊಳ್ಳಲಾ?"

ಅಕ್ಕ ಅದೇ ಹಾಳೆಯನ್ನು ಮತ್ತೆ ಬಳಸಿದ್ದಳು. ಹಾಲಿನ ಕವರು ತೊಳೆದು ಒಣಗಿಸಿ ಮಡಚಿಡುವ ಅಕ್ಕ. ಉಡುಗೊರೆಗೆ ಸುತ್ತಿದ ಕಾಗದವನ್ನು ಇಸ್ತ್ರಿ ಮಾಡಿ ಎತ್ತಿಡುವ ಅಕ್ಕ. ಒಂದು ಚೂರೂ ಹರಿಯದ, ಕಲೆಯಾಗದ ಹಾಳೆಯನ್ನು ಎಸೆಯುವವಳೇ?

ಮರುದಿನ ಅಂಗಡಿ ತೆರೆಯುವ ಮೊದಲೇ ಫೋನು ಮಾಡಿದಳು. ಎತ್ತಿದವರು ಭಾವ.

"ಬಾಮ್ಮಾ ಬಾ, ಸ್ಪೀಕರಿಗೆ ಹಾಕ್ತೀನಿ. ಎರಡು ಸಂದೇಶಕ್ಕೂ ಶುರುವಿನ ಸಂಖ್ಯೆ ಒಂದೇ! ಒಂದೇ ಕೀಲಿ ತಾನೇ? ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ನಿಮ್ಮಕ್ಕ ಬಾಯಿ ತೆರೆದ್ರೆ ಮೊದಲು ಬರೋದು ಊಟ ಆಯ್ತಾ ಅಂತ ಗೊತ್ತಿಲ್ವಾ ನಂಗೆ? ಅಲ್ಲಿಂದ ಎಳೀತಾ ಹೋದೆ. ಒಂದರಲ್ಲಿ ಪದ ಊಹಿಸಿದ್ರೆ ಇನ್ನೊಂದರಲ್ಲಿ ಪದ ಕಾಣುತ್ತೆ. ಕೆಲಸ ಅಂತ ಬಂತು. ಕೆಲಸದವಳು ಕೈಕೊಟ್ಟಿರಬೇಕು ಅಂದ್ಕೊಂಡೆ."

ಕಾಗದದ ಮೇಲೆ ಪೆನ್ನು ಕೆರೆಯುವ ಸದ್ದು ತಂಗಿಗೆ ಕೇಳಿಸುತ್ತಿತ್ತು.

"ರೀ," ಅಕ್ಕನ ದನಿ. "ಪೆನ್ನು ಕೆಳಗಿಡಿ."

"ಇರೇ, ಇನ್ನೊಂದೇ ಸಾಲು..."

"ಬಿಡಿಸಬೇಡಿ. ಕೇಳಿ. ಹಾಸ್ಟೆಲಿನಲ್ಲಿ ನಂಗೆ ವಾರ್ಡನ್ ಕೆಲಸ ಸಿಕ್ಕಿದೆ. ಅಲ್ಲೇ ಇರಬೇಕು. ಶನಿವಾರ ಭಾನುವಾರ ಬರ್ತೀನಿ. ಒಪ್ಕೊಂಡಿದ್ದೀನಿ."

ಭಾವ ಆ ವಾಕ್ಯಕ್ಕೆ ಏನನ್ನೂ ಸೇರಿಸಲಿಲ್ಲ. ತಪ್ಪು ಲೆಕ್ಕ ತೋರಿಸುವವರಂತೆ ಹೇಳಿದರು: "ಇಲ್ಲಿ 'ಒಪ್ಪಿಕೊಳ್ಳಲಾ' ಅಂತ ಕೇಳ್ದಂಗಿದೆಯಲ್ಲ?"

"ಅದು ನಿನ್ನೇದು," ಎಂದಳು ಅಕ್ಕ.

ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆಗಳು ದೂರವಾದವು. ಮೊದಲ ಸಲ ಫೋನಿನ ಆಚೆ ತುದಿಯಲ್ಲಿ ಅಕ್ಕ ಒಬ್ಬಳೇ ಇದ್ದಳು.

"ಅಕ್ಕಾ, ಆ ಹಾಳೆ ಈಗಲಾದ್ರೂ ಎಸೀತೀಯಾ?"

"ಎಸೀಬೇಕಾ?" ಅಕ್ಕ ಕಾಗದ ತಿರುವಿ ನೋಡಿದ ಸದ್ದು. "ಹಿಂದುಗಡೆ ಪೂರ್ತಿ ಖಾಲಿ ಇದೆಯಲ್ಲೇ."