ಎಡಗಡೆ ಖಾಲಿ ಉಳಿದ ಚಿತ್ರ

ಲಕ್ವ ಹೊಡೆದವರಿಗೆ ಮತ್ತೆ ಕೈಕಾಲು ಆಡಿಸಲು ಕಲಿಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅದೇ ಆಸ್ಪತ್ರೆ, ಅದೇ ಫಿಸಿಯೋಥೆರಪಿ ವಿಭಾಗ. ಹುಚ್ಚು ಮಾತ್ರ ಬೇರೆಯದು: ಇನ್ನೂ ಹೆಸರು ಮಾಡದ ಕಲಾವಿದರ ಚಿತ್ರಗಳನ್ನು ಹುಡುಕಿ ಕೊಳ್ಳುವುದು. "ನಮ್ಮನೇಲಿ ಗೋಡೆಗಿಂತ ಮೊಳೇನೇ ಜಾಸ್ತಿ," ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗಿಯನ್ನು ಮೊದಲು ಗುರುತಿಸಿದವಳೂ ಆಕೆಯೇ. ಎರಡು ವರ್ಷದ ಹಿಂದೆ ಕೊಂಡ ಮೊದಲ ಚಿತ್ರದಲ್ಲಿ ಬಟ್ಟೆ ಒಣಹಾಕಿದ ತಾರಸಿ, ಅಂಚಿನಿಂದ ಅಂಚಿಗೆ ಒಂದಿಂಚೂ ಬಿಡದೆ ತುಂಬಿದ ಬಣ್ಣ. ಎರಡನೆಯದರಲ್ಲಿ ಎಡಗಡೆ ಬಣ್ಣ ತೆಳುವಾಗಿತ್ತು. ಈಗ ಪ್ರದರ್ಶನದಲ್ಲಿದ್ದ ಮೂರನೆಯದು ಬಸ್ ನಿಲ್ದಾಣ. ಬಲಗಡೆ ಜನ ಗಿಜಿಗುಟ್ಟುತ್ತಿದ್ದರು. ಎಡಗಡೆ ಬರೀ ಬಿಳಿ ಕ್ಯಾನ್‌ವಾಸ್.

"ಏನು ಧೈರ್ಯ ನೋಡಿ. ಖಾಲಿ ಜಾಗಾನೇ ಮಾತಾಡತ್ತೆ," ಎಂದ ಗ್ಯಾಲರಿಯವನು. ಆಕೆ ತಲೆದೂಗಿ ಅಲ್ಲೇ ಕೊಂಡುಬಿಟ್ಟಳು.

ಮರುದಿನ ವಿಭಾಗದಲ್ಲಿ ಒಬ್ಬ ಮುದುಕ ಊಟಕ್ಕೆ ಕೂತಿದ್ದ. ತಟ್ಟೆಯ ಬಲ ಅರ್ಧ ಬರಿದಾಗಿತ್ತು, ಎಡ ಅರ್ಧ ಬಡಿಸಿದ್ದು ಬಡಿಸಿದಂತೆಯೇ ಇತ್ತು. "ಇಷ್ಟೇನಾ ಕೊಡೋದು?" ಎಂದು ಗೊಣಗುತ್ತಿದ್ದ. ಮೆದುಳಿನ ಬಲಭಾಗ ಕೆಟ್ಟ ಕೆಲವರಿಗೆ ಹೀಗಾಗುತ್ತದೆ. ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ಎಡಗಡೆ ಎಂಬುದೊಂದಿದೆ ಅನ್ನುವುದೇ ಅವರ ಗಮನಕ್ಕೆ ಬರುವುದಿಲ್ಲ. ಆಕೆ ರೂಢಿಯಂತೆ ಅವನ ತಟ್ಟೆಯನ್ನು ತಿರುಗಿಸಿಟ್ಟಳು. ಕೈ ಹಾಗೇ ನಿಂತುಬಿಟ್ಟಿತು. ಆ ಬಿಳಿ ಕ್ಯಾನ್‌ವಾಸ್ ಕಣ್ಣೆದುರು ಬಂತು.

ಅರ್ಧ ದಿನ ರಜೆ ಹಾಕಿ ಹುಡುಗಿಯ ಕೋಣೆಗೆ ಹೊರಟಳು. ಅದು ಶೈಲಿಯೇ ಇರಬಹುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ತನ್ನ ಅನುಮಾನ ತಪ್ಪಾದರೆ ಹುಡುಗಿಯ ಕಲೆಗೇ ಅವಮಾನ. ನಿಜವಾದರೆ? ಅದನ್ನು ಯೋಚಿಸಲು ಧೈರ್ಯ ಸಾಲಲಿಲ್ಲ.

"ಬನ್ನಿ ಅಕ್ಕ," ಎಂದು ಹುಡುಗಿ ಬಾಗಿಲು ತೆರೆದಳು. ಸ್ವೆಟರಿನ ಬಲತೋಳು ಮಾತ್ರ ಹಾಕಿಕೊಂಡಿದ್ದಳು, ಎಡತೋಳು ಜೋತಾಡುತ್ತಿತ್ತು. ಒಳಗೆ ತಿರುಗುವಾಗ ಎಡಭುಜ ಚೌಕಟ್ಟಿಗೆ ಬಡಿಯಿತು. ಆ ತೋಳಿನ ತುಂಬ ಪೆಟ್ಟು ಬಿದ್ದ ಹಳೆಯ, ಹೊಸ ನೀಲಿ ಕಲೆಗಳು.

"ಚಿತ್ರ ಇಷ್ಟ ಆಗ್ಲಿಲ್ವಾ ಅಕ್ಕ?"

"ಆಗಿದೆ ಕಣಮ್ಮ. ಎಡಗಡೆ ಯಾಕೆ ಖಾಲಿ ಬಿಟ್ಟೆ?"

ಹುಡುಗಿ ನಕ್ಕಳು. "ಎಲ್ರೂ ಅದನ್ನೇ ಕೇಳ್ತಾರೆ. ಎಲ್ಲಿ ಖಾಲಿ? ಪೂರ್ತಿ ತುಂಬಿದ್ದೀನಲ್ಲ."

ಆಕೆ ಚೀಲದಿಂದ ಹಾಳೆ ತೆಗೆದು, "ಒಂದು ಗಡಿಯಾರ ಬರೆದುಕೊಡು," ಎಂದಳು. ಹುಡುಗಿ ತಮಾಷೆಯೆಂದುಕೊಂಡು ಚಕಚಕನೆ ಬರೆದಳು. ಒಂದರಿಂದ ಹನ್ನೆರಡರವರೆಗೆ ಎಲ್ಲ ಅಂಕಿಗಳೂ ಬಲ ಅರ್ಧದಲ್ಲೇ ಒಂದರ ಮೇಲೊಂದು ಬಿದ್ದಿದ್ದವು.

"ಸರಿಯಿದೆ ಅಲ್ವಾ?"

ಆಕೆ ಹಾಳೆಯನ್ನು ತಲೆಕೆಳಗಾಗಿ ತಿರುಗಿಸಿದಳು. ಬಿಟ್ಟುಹೋದ ಅರ್ಧ ಈಗ ಬಲಗಡೆಗೆ ಬಂತು. ಹುಡುಗಿ ಬಹಳ ಹೊತ್ತು ನೋಡಿದಳು.

"ಇದನ್ನ ನಾನಾ ಬರೆದಿದ್ದು?" ದನಿ ಇಳಿದಿತ್ತು. "ಅಕ್ಕ, ನಂಗೇನಾಗಿದೆ?"

"ಗೊತ್ತಿಲ್ಲಮ್ಮ. ಈಗಲೇ ಹೋಗಿ ನೋಡಿಸೋಣ. ನಾನೂ ಜೊತೆಗೆ ಬರ್ತೀನಿ."

ಸ್ಕ್ಯಾನಿನಲ್ಲಿ ಮೆದುಳಿನ ಬಲಭಾಗದಲ್ಲಿ ಮೊಟ್ಟೆಯಷ್ಟು ದೊಡ್ಡ ಗಡ್ಡೆ ಕಂಡಿತು. ಮೂರನೇ ದಿನ ಆಪರೇಷನ್. ಬೇರೆ ಊರಿನಿಂದ ಓಡಿಬಂದ ಹುಡುಗಿಯ ತಾಯಿ, ಹೊರಗೆ ಕಾದ ಐದು ಗಂಟೆ ಹೊತ್ತೂ ಆಕೆಯ ಕೈ ಬಿಡಲಿಲ್ಲ. "ಫೋನಲ್ಲಿ ಚೆನ್ನಾಗೇ ಮಾತಾಡ್ತಿದ್ಲು," ಎಂದು ಅದನ್ನೇ ಹೇಳುತ್ತಿದ್ದರು. ಎಡಗಡೆ ತೆಳುವಾಗಿದ್ದ ಎರಡನೇ ಚಿತ್ರ ಎಷ್ಟೋ ದಿನದಿಂದ ಆಕೆಯ ಮನೆಯ ಗೋಡೆಯ ಮೇಲೇ ಇತ್ತು. ದಿನಾ ಅದರ ಮುಂದೆ ನಿಂತು ಕಾಫಿ ಕುಡಿದಿದ್ದೆ ಎಂದು ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ.

ಗಡ್ಡೆ ಪೂರ್ತಿ ಹೊರಬಂದಿದೆ, ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರು. ಎಡಗಡೆಯ ಗಮನ ಮರಳುತ್ತದೋ ಇಲ್ಲವೋ, ಎಚ್ಚರವಾದ ಮೇಲೆಯೇ ತಿಳಿಯಬೇಕು.

ಮರುದಿನ ಬೆಳಿಗ್ಗೆ ತಾಯಿ ಮಂಚದ ಬಲಗಡೆ ಕೂತಿದ್ದರು. ಆಕೆ ಬೇಕೆಂದೇ ಸುತ್ತಿಬಂದು ಎಡಗಡೆ ನಿಂತಳು. ಮಾತಾಡಿಸಲು ಹೆದರಿಕೆ. ಹುಡುಗಿ ಚಾವಣಿ ನೋಡುತ್ತಿದ್ದಳು. ಆಮೇಲೆ ತಾಯಿಯ ಕಡೆಗೆ ತಿರುಗಿದಳು, ಅಲ್ಲೇ ಉಳಿದಳು. ಆಕೆ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಳು.

ಬ್ಯಾಂಡೇಜು ಸುತ್ತಿದ ತಲೆ ನಿಧಾನವಾಗಿ ಈ ಕಡೆ ಹೊರಳಿತು.

"ಯಾಕಕ್ಕ ನಿಂತಿದ್ದೀರ? ಕೂತ್ಕೊಳ್ಳಿ."

ಕುರ್ಚಿ ಎಲ್ಲಿದೆಯೆಂದು ನೋಡದೆ ಆಕೆ ಮಂಚದ ಅಂಚಿನಲ್ಲೇ ಕುಸಿದು ಕೂತಳು.